ಅಕ್ಕೋರಿಂದ ಅಕ್ಕನವರೆಗೆ

ಉಡುತಡಿಗೆ ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು, ಎರಡನೆಯ ಸಲ ಊರಿಗೆ ಬಂದ ನೆಂಟರ ಜೊತೆ, ಮೂರನೆಯ ಸಲ ನಮ್ಮ ಓದುಗುಂಪಿನ ಗೆಳತಿಯರೊಂದಿಗೆ. ಮೊದಲೆರಡು ಸಲ ನಾನು ಎಲ್ಲರಿಗೂ ಅಕ್ಕಮಹಾದೇವಿಯ ಕಥೆ ಹೇಳಿದೆ. ಮೂರನೆಯ ಸಲ ಬರೀ ಕೇಳಿಸಿಕೊಂಡು ಬಂದೆ. ಈ ಬರಹ ಹುಟ್ಟಿದ್ದು ಆ ಮೂರನೆಯ ಸಲದಿಂದ.

ಶಿಕಾರಿಪುರ ತಾಲ್ಲೂಕಿನ ಈ ಊರು ಶಿರಾಳಕೊಪ್ಪಕ್ಕೆ ಹತ್ತಿರ. ಪಕ್ಕದಲ್ಲೇ ಅಲ್ಲಮನ ಬಳ್ಳಿಗಾವಿ. ಸುತ್ತ ಭತ್ತ, ಜೋಳದ ಹೊಲಗಳು. ಹಿಂದೆ ನಾನು ಕಂಡಾಗ ಹಾಳುಬಿದ್ದ ಕೋಟೆಯ ಕುರುಹು ಬಿಟ್ಟರೆ ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಈಗ ಅಕ್ಕನ ಎತ್ತರದ ಪ್ರತಿಮೆ ನಿಂತಿದೆ. ನಾವು ಹತ್ತು ಜನ ಹೆಂಗಸರು ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ರೊಟ್ಟಿ, ಚಟ್ನಿಪುಡಿ, ಮೊಸರನ್ನ ಬಿಚ್ಚಿ ನೆರಳಿನಲ್ಲಿ ಕೂತಾಗ ನಮ್ಮೊಳಗಿನ ಹಿರಿಯರೊಬ್ಬರು ಕೇಳಿದರು: "ಅಲ್ಲ, ಇವಳಿಗೆ ಮದುವೆ ಆಗಿತ್ತೋ, ಇಲ್ವೋ?"

ಎಲ್ಲರೂ ನಕ್ಕೆವು. ಆದರೆ ಈ ಪ್ರಶ್ನೆಗೆ ಎಂಟು ನೂರು ವರ್ಷ ವಯಸ್ಸಾಗಿದೆ. ಹರಿಹರ ತನ್ನ ರಗಳೆಯಲ್ಲಿ ಆಗಿತ್ತು ಎಂದ. ಕೌಶಿಕನಿಗೆ ಷರತ್ತು ಹಾಕಿ ಅವನ ಅರಮನೆ ಸೇರಿದಳು, ಅವನು ಮಾತು ಮುರಿದಾಗ ಹೊರಟುಬಂದಳು ಎಂದು ಬರೆದ. ಹದಿನೈದನೆಯ ಶತಮಾನದ ಚಾಮರಸ ತನ್ನ ‘ಪ್ರಭುಲಿಂಗಲೀಲೆ’ಯಲ್ಲಿ ಆ ಮದುವೆಯನ್ನು ಒಪ್ಪಲಿಲ್ಲ. ಆಮೇಲೆ ಬಂದ ವಿದ್ವಾಂಸರು ಈ ಕಡೆ ಕೆಲವರು, ಆ ಕಡೆ ಕೆಲವರು ನಿಂತು ಪುಟಗಟ್ಟಲೆ ವಾದಿಸಿದರು. ಮದುವೆ ಆಗಿದ್ದರೆ ಅವಳ ಮಹಿಮೆಗೆ ಕುಂದು ಬಂದೀತು ಎಂಬ ಅಳುಕು ಆ ವಾದಗಳ ಅಡಿಯಲ್ಲಿ ಎಲ್ಲೋ ಹರಿಯುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಬಸವಣ್ಣನಿಗೆ ಎಷ್ಟು ಮದುವೆ ಎಂಬುದು ಅವನ ಅನುಭಾವವನ್ನು ಅಳೆಯುವ ಕೋಲಾಗಲಿಲ್ಲವಲ್ಲ!

ಅಕ್ಕನ 400ಕ್ಕೂ ಹೆಚ್ಚು ವಚನಗಳು ನಮಗೆ ಸಿಕ್ಕಿವೆ. ಅವುಗಳನ್ನು ಓದುವಾಗ ಒಂದು ವಿಷಯ ಗಮನಿಸಬೇಕು. ಅವಳ ಕಥೆ ನಮಗೆ ಎರಡು ಬಗೆಯಲ್ಲಿ ದೊರೆಯುತ್ತದೆ. ಒಂದು, ಶೂನ್ಯಸಂಪಾದನೆಯ ಅನುಭವ ಮಂಟಪದಲ್ಲಿ. ಅಲ್ಲಿ ಅಲ್ಲಮ ಕೇಳುತ್ತಾನೆ, ಅವಳು ಉತ್ತರ ಕೊಡುತ್ತಾಳೆ. ನಿನ್ನ ಗಂಡ ಯಾರು, ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂಬಂಥ ಪ್ರಶ್ನೆಗಳು. ಈ ಸಂಭಾಷಣೆಯನ್ನು ಹೀಗೆ ಜೋಡಿಸಿದವರು ಅವಳ ಕಾಲಕ್ಕೆ ಸುಮಾರು ಮುನ್ನೂರು ವರ್ಷ ಆಮೇಲಿನ ಸಂಕಲನಕಾರರು ಎಂಬುದು ನಿಜ. ಅಲ್ಲಮನ ಉದ್ದೇಶ ಅವಳ ನಿಲುವನ್ನು ಸಭೆಗೆ ತೋರಿಸುವುದೇ ಆಗಿತ್ತು ಎಂಬ ವಿವರಣೆಯೂ ಇದೆ. ಇದ್ದೀತು. ಆದರೂ ಒಬ್ಬ ಹೆಣ್ಣು ಒಳಗೆ ಬರಬೇಕಾದರೆ ಮೊದಲು ತುಂಬಿದ ಸಭೆಯಲ್ಲಿ ತನ್ನ ಮೈಯ ಬಗ್ಗೆ, ಗಂಡನ ಬಗ್ಗೆ ಹೇಳಿಕೆ ಕೊಡಬೇಕು ಎಂಬುದು ಆ ಸಂಕಲನಕಾರರಿಗೆ ಸಹಜವಾಗಿ ಕಂಡಿತಲ್ಲ, ಅದನ್ನು ಮರೆಯಲಾಗದು.

ಇನ್ನೊಂದು ಬಗೆ, ಅವಳು ಯಾರೂ ಕೇಳದೆಯೇ ಹೇಳಿಕೊಂಡ ವಚನಗಳು. ಅವುಗಳಲ್ಲಿ ಎಷ್ಟೋ ವಚನಗಳು ಒಬ್ಬ ಹೆಂಗಸನ್ನು ಕರೆದು, ಕೇಳಿಸಿಕೊಳ್ಳೆಂದು ಹೇಳುತ್ತಾ ಶುರುವಾಗುತ್ತವೆ. ಆ ಕೇಳುವವಳು ಯಾರು? ಹೆಸರಿಲ್ಲ. ಬಾವಿಕಟ್ಟೆಯಲ್ಲಿ ಸಿಕ್ಕವಳೋ, ದಾರಿಯಲ್ಲಿ ಜೊತೆಯಾದವಳೋ. ಅವಳೆದುರು ಅಕ್ಕನ ದನಿ ಬೇರೆಯಾಗಿದೆ. ತನ್ನನ್ನು ಸಮರ್ಥಿಸಿಕೊಳ್ಳುವ ಬಿಗಿ ಅಲ್ಲಿ ಇಲ್ಲ. ಕಂಡ ಕನಸು, ಪಟ್ಟ ಸಂಕಟ, ಕಾದ ಕಾಯುವಿಕೆ ಸಲೀಸಾಗಿ ಬರುತ್ತವೆ. ಅತ್ತೆ, ಮಾವ, ಗಂಡ ಎಂಬ ನಂಟಿನ ಮಾತುಗಳೇ ಅವಳಿಗೆ ಅನುಭಾವದ ರೂಪಕಗಳಾಗುತ್ತವೆ. ಕೇಳುವವಳಿಗೂ ಅವು ಗೊತ್ತಿರುವ ನಂಟುಗಳು ತಾನೇ! ವಿವರಿಸಬೇಕಾದ್ದೇನಿದೆ?

ಹೆಣ್ಣುಮಕ್ಕಳು ತಮ್ಮ ಕಷ್ಟ ಹೇಳಿಕೊಳ್ಳುವುದರಿಂದ ಒಗ್ಗಟ್ಟು ಬೆಳೆಯುತ್ತದೆ, ಹೋರಾಟ ಹುಟ್ಟುತ್ತದೆ ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಹೆಂಗಸರು ಸಣ್ಣ ಸಣ್ಣ ಗುಂಪುಗಳಲ್ಲಿ ಕೂತು ಅಡುಗೆಮನೆ, ಹೆರಿಗೆ, ಸಂಬಳಗಳ ಬಗ್ಗೆ ಮಾತಾಡತೊಡಗಿದರು. ‘ಖಾಸಗಿಯಾದದ್ದೂ ರಾಜಕೀಯವೇ’ ಎಂಬ ಮಾತು ಆ ಗುಂಪುಗಳಿಂದ ಎದ್ದು 1970ರಿಂದಾಚೆಗೆ ಲೋಕದ ತುಂಬ ಹಬ್ಬಿತು. ಆ ಮಾತು ಸರಿಯೇ. ಆದರೆ ಯಾರೆದುರು ಹೇಳಿಕೊಂಡದ್ದು, ಕೇಳಿಸಿಕೊಂಡವಳು ಏನು ಮಾಡಿದಳು ಎಂಬುದನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಹೇಳುವವಳ ಧೈರ್ಯವನ್ನು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಕೇಳುವವಳಿಗೂ ಒಂದು ಧೈರ್ಯ ಬೇಕು. ಅದು ನನಗೆ ಇರಲಿಲ್ಲ. ಹೇಗೆ ಇರಲಿಲ್ಲ ಎಂಬುದನ್ನು ಈಗ ಹೇಳಬೇಕು.

ಆಗ ನಾನು ಸೊರಬ ತಾಲ್ಲೂಕಿನ ಒಂದು ಊರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ‘ಅಕ್ಕೋರು’ ಎನ್ನುತ್ತಾರೆ. ಅಕ್ಕ ಎಂಬ ಹತ್ತಿರದ ಮಾತಿಗೆ ಗೌರವದ ಬಾಲ ಅಂಟಿಸಿ ಸ್ವಲ್ಪ ದೂರ ನಿಲ್ಲಿಸುವ ಪದ ಅದು. ನಮ್ಮ ಮನೆಗೆ ಅಕ್ಕಿ ಆರಿಸಲು, ಪಾತ್ರೆ ತಿಕ್ಕಲು ಒಬ್ಬಳು ಬರುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿದ್ದಾಳು, ಆದರೂ ನಾನೇ ಅವಳಿಗೆ ಅಕ್ಕೋರು. ಒಂದು ದಿನ ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಕೂತು ತೋಳು ತೋರಿಸಿದಳು. ಬಾಸುಂಡೆ ಎದ್ದಿತ್ತು. "ನಮ್ಮನೆಯೋರು ಕಟ್ಟಿಗೆ ತಗಂಡು ಹೊಡೆದ್ರು ಅಕ್ಕೋರೆ" ಎಂದಳು. ಅವಳ ಕೂಲಿಯೆಲ್ಲ ಸಾರಾಯಿ ಅಂಗಡಿಗೆ ಹೋಗುತ್ತಿತ್ತು. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಅದಕ್ಕೆ ಇನ್ನೂ ಇಪ್ಪತ್ತು ವರ್ಷವಿತ್ತು.

ನಾನು ಉತ್ಸಾಹದಿಂದ ಕಾಗದ ಪೆನ್ನು ತಂದೆ. ಪೊಲೀಸರಿಗೊಂದು ಅರ್ಜಿ ಬರೆದೆ. ಎಂಥ ಕನ್ನಡ ಅದು! ‘ಮದ್ಯವ್ಯಸನಿಯಾದ ಪತಿಯ ಅಮಾನುಷ ಚಿತ್ರಹಿಂಸೆಗೆ ಗುರಿಯಾಗಿ’ ಎಂದೇನೋ ಶುರು ಮಾಡಿದ್ದೆ. ಓದಿ ಹೇಳಿದೆ. ಅವಳು ಕೇಳಿಸಿಕೊಂಡು, ಕೈಯಲ್ಲಿದ್ದ ಮೊರ ಕೆಳಗಿಟ್ಟು, ಮೆಲ್ಲಗೆ ಕೇಳಿದಳು: "ನಿಮ್ಮನೇಲಿ ಯಜಮಾನ್ರು ಹೆಂಗೆ ಅಕ್ಕೋರೆ?"

ನಾನು ಥಟ್ಟನೆ "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಪ್ಪ" ಎಂದೆ.

ಅದು ಸುಳ್ಳು. ನನ್ನ ಸಂಬಳ ತಿಂಗಳ ಮೊದಲ ವಾರವೇ ನನ್ನ ಕೈ ದಾಟಿ ಹೋಗುತ್ತಿತ್ತು. ಬ್ಯಾಂಕಿನ ಪಾಸ್‌ಬುಕ್ಕು ಯಾವ ಟ್ರಂಕಿನಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ತಟ್ಟೆ ಗೋಡೆಗೆ ಬಡಿಯುತ್ತಿತ್ತು. ಒಂದೆರಡು ಸಲ ಕೈಯೂ ಮೇಲೆದ್ದಿತ್ತು. ಆದರೆ ನಮ್ಮಂಥ ಮನೆಗಳಲ್ಲಿ ಅದಕ್ಕೆ ಹೊಡೆತ ಎಂಬ ಹೆಸರಿರಲಿಲ್ಲ. ‘ಅವರಿಗೆ ಸ್ವಲ್ಪ ಸಿಟ್ಟು ಜಾಸ್ತಿ’ ಎಂಬ ಹೆಸರಿತ್ತು.

ಅವಳು ಮತ್ತೇನೂ ಕೇಳಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿದಳು. ಕೆಲಸ ಮುಗಿಸಿ ಹೋದ ಮೇಲೆ ನೋಡಿದರೆ ಆ ಕಾಗದ ಹಿತ್ತಿಲ ಕಿಟಕಿಯ ದಂಡೆಯ ಮೇಲಿತ್ತು, ಗಾಳಿಗೆ ಹಾರದಂತೆ ಒಂದು ಕಲ್ಲು ಇಟ್ಟಿದ್ದಳು. ಸ್ವಲ್ಪ ದಿನಕ್ಕೆ ಕೆಲಸಕ್ಕೆ ಬರುವುದನ್ನೂ ನಿಲ್ಲಿಸಿದಳು. ‘ಇವರಿಗೆ ಎಷ್ಟು ಹೇಳಿದರೂ ಇಷ್ಟೇ, ಧೈರ್ಯ ಇಲ್ಲ’ ಎಂದು ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಧೈರ್ಯ ಇಲ್ಲದವಳು ಯಾರು ಎಂಬುದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಈ ಕಥೆಗೆ ಇನ್ನೊಂದು ಎಳೆ ಇದೆ. ಅದೇ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಗುಡಿ ಇದೆ. ವರದಾ ನದಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ಬೆತ್ತಲೆಯಾಗಿ ಗುಡಿಗೆ ಬಂದು ಹರಕೆ ಒಪ್ಪಿಸುವ ಪದ್ಧತಿ ಅಲ್ಲಿತ್ತು. 1986ರ ಮಾರ್ಚಿಯಲ್ಲಿ ಇದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಮತ್ತಿತರ ಸಂಘಟನೆಗಳ ಕಾರ್ಯಕರ್ತರು ಹೋದರು. ರೊಚ್ಚಿಗೆದ್ದ ಗುಂಪು ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಬಿದ್ದು, ಅವರ ಬಟ್ಟೆಯನ್ನೇ ಕಿತ್ತು ಮೆರವಣಿಗೆ ಮಾಡಿತು. ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ಸರಕಾರ ವಿಚಾರಣೆಗೆ ಸಮಿತಿ ನೇಮಿಸಿತು, ಬೆತ್ತಲೆ ಸೇವೆ ನಿಷೇಧವಾಯಿತು. ಕನ್ನಡದ ಬುದ್ಧಿವಂತರ ನಡುವೆ ದೊಡ್ಡ ಚರ್ಚೆ ಎದ್ದಿತು. ಯು.ಆರ್. ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪ್ರಬಂಧ ಇಂದಿಗೂ ನೆನಪಾಗುತ್ತದೆ. ವೈಚಾರಿಕತೆ ಮತ್ತು ನಂಬಿಕೆಗಳ ನಡುವೆ ಸಿಕ್ಕ ಆಧುನಿಕ ಮನಸ್ಸಿನ ಇಕ್ಕಟ್ಟನ್ನು ಅವರು ಪ್ರಾಮಾಣಿಕವಾಗಿಯೇ ಬರೆದರು.

ನಿಷೇಧ ಬೇಕಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೆಣ್ಣಿನ ಬೆತ್ತಲೆಯನ್ನು ನೋಡಲೆಂದೇ ಜನ ನೆರೆಯುವ ಕಡೆ ಭಕ್ತಿಯ ಮಾತು ಎಷ್ಟು ದಿನ ನಿಂತೀತು? ಆದರೆ ಆ ಚರ್ಚೆಯನ್ನು ಈಗ ಹಿಂತಿರುಗಿ ಓದಿದರೆ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಪರವಾಗಿ ಬರೆದವರು, ವಿರೋಧವಾಗಿ ಬರೆದವರು, ವರದಿ ಕೊಟ್ಟವರು ಎಲ್ಲರೂ ಇದ್ದಾರೆ. ಹರಕೆ ಹೊತ್ತು ಓಡಿದ ಹೆಂಗಸಿನ ಮಾತು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಅವಳು ಏಕೆ ಹರಕೆ ಹೊತ್ತಳು? ಮಗುವಿಗೆ ಕಾಯಿಲೆಯೇ, ಮೈಮೇಲೆ ಎದ್ದ ಹುಣ್ಣೇ? ಅವಳಿಗೆ ನಾಚಿಕೆಯಾಯಿತೇ, ಭಯವಾಯಿತೇ, ಇಲ್ಲ ದೇವಿಯೆದುರು ನಿರಾಳವಾಯಿತೇ? ಉಡುತಡಿಯ ಹೆಣ್ಣು ತಾನು ಬಟ್ಟೆ ಬಿಟ್ಟದ್ದನ್ನು ತಾನೇ ಹೇಳಿದಳು. ಎಂಟು ನೂರು ವರ್ಷದ ಮೇಲೆ ಅಷ್ಟು ದೂರವೇನೂ ಇಲ್ಲದ ಚಂದ್ರಗುತ್ತಿಯಲ್ಲಿ ಹೆಣ್ಣಿನ ಬೆತ್ತಲೆಯ ಬಗ್ಗೆ ಲೋಕವೆಲ್ಲ ಮಾತಾಡಿತು, ಅವಳು ಮಾತಾಡಲಿಲ್ಲ. ಮಾತಾಡಿದ್ದರೂ ಬರೆದುಕೊಳ್ಳುವವರು ಇರಲಿಲ್ಲ.

ಇದನ್ನು ನಾನು ಬೇರೆಯವರ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಆ ದಿನಗಳಲ್ಲಿ ನಮ್ಮ ಶಾಲೆಯ ಕೊಠಡಿಯಲ್ಲೂ ಚಂದ್ರಗುತ್ತಿಯದೇ ಮಾತು. ನಾನೂ ಬಿರುಸಾಗಿ ವಾದಿಸುತ್ತಿದ್ದೆ. ಒಂದು ಸಂಜೆ ಅಕ್ಕಿ ಆರಿಸುತ್ತಾ ಅವಳು ಅಂದಳು: "ನಾನೂ ಸಣ್ಣೋಳಿದ್ದಾಗ ನಮ್ಮವ್ವನ ಜೊತೆ ಓಡಿದೀನಿ ಅಕ್ಕೋರೆ." ನನ್ನ ಮುಖ ಹೇಗಾಯಿತೋ ಏನೋ, ಅವಳು ಅಲ್ಲಿಗೇ ನಿಲ್ಲಿಸಿ ಮತ್ತೆ ಅಕ್ಕಿಯ ಮೇಲೆ ಬಗ್ಗಿದಳು. ಯಾರ ಬಗ್ಗೆ ಪತ್ರಿಕೆಯಲ್ಲಿ ಓದಿ ನಾವು ವಾದ ಮಾಡುತ್ತಿದ್ದೆವೋ ಆಕೆ ನನ್ನ ಹಿತ್ತಿಲಲ್ಲೇ ಕೂತಿದ್ದಳು. ‘ಆಮೇಲೆ?’ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಆ ಪುಟ ನನ್ನ ಪಾಲಿಗೆ ಖಾಲಿಯಾಗಿಯೇ ಉಳಿಯಿತು.

ಚಂದ್ರಗುತ್ತಿಯ ರೇಣುಕೆಯೂ ಸವದತ್ತಿಯ ಎಲ್ಲಮ್ಮನೂ ಒಬ್ಬಳೇ ಎಂದು ನಮ್ಮ ಜನ ನಂಬುತ್ತಾರೆ. ಅನುಮಾನಪಟ್ಟ ಗಂಡ, ಅವನ ಮಾತಿಗೆ ತಲೆ ಕಡಿದ ಮಗ, ಇವರ ನಡುವೆ ಸಿಕ್ಕ ಹೆಣ್ಣಿನ ಕಥೆ ಅದು. ಎಲ್ಲಮ್ಮನ ಹೆಸರಿನಲ್ಲಿ ಬೆಳಗಾವಿ ಸೀಮೆಯಲ್ಲಿ ತಲೆಮಾರುಗಳ ಕಾಲ ದಲಿತರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಟ್ಟರು. 1982ರಲ್ಲಿ ರಾಜ್ಯ ಇದರ ವಿರುದ್ಧ ಕಾನೂನು ಮಾಡಿತು. ಆದರೆ ಕಾನೂನು ಪುಸ್ತಕದಲ್ಲಿದ್ದಾಗ ಮುತ್ತು ಕಟ್ಟುವುದು ಕತ್ತಲಲ್ಲಿ ನಡೆಯುತ್ತಲೇ ಇತ್ತು. ಅದನ್ನು ಮನೆಮನೆಗೆ ಹೋಗಿ ತಡೆದವರಲ್ಲಿ ಮುಖ್ಯರು ಹಿಂದೆ ದೇವದಾಸಿಯರಾಗಿದ್ದ ಹೆಂಗಸರೇ. ಬೆಳಗಾವಿ ಜಿಲ್ಲೆಯಲ್ಲಿ ಅವರೇ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರೂ ಎಳೆಯ ವಯಸ್ಸಿನಲ್ಲಿ ದೇವದಾಸಿಯಾಗಿ ಬಿಡಲ್ಪಟ್ಟವರು.

ಇಲ್ಲಿ ಏನು ವ್ಯತ್ಯಾಸ? ಅಧಿಕಾರಿ ಬಂದು ‘ಇದು ಅಪರಾಧ, ಮಾಡಬೇಡಿ’ ಎಂದರೆ ತಾಯಿ ತಲೆಯಾಡಿಸುತ್ತಾಳೆ, ಮುತ್ತು ಕಟ್ಟುತ್ತಾಳೆ. ತನ್ನ ಹಾಗೆಯೇ ಮುತ್ತು ಕಟ್ಟಿಸಿಕೊಂಡವಳೊಬ್ಬಳು ಬಂದು ಜಗಲಿಯಲ್ಲಿ ಕೂತು ‘ನನಗೆ ಹೀಗಾಯಿತು, ನಿನಗೆ ಏನಾಯಿತು?’ ಎಂದರೆ ಅದಕ್ಕೆ ತಲೆಯಾಡಿಸಿ ಕಳಿಸಲು ಬರುವುದಿಲ್ಲ. ಹೇಳುವವಳು ಮೇಲೆ, ಕೇಳುವವಳು ಕೆಳಗೆ ಎಂಬ ಮೆಟ್ಟಿಲು ಅಲ್ಲಿ ಇಲ್ಲ. ನಾನು ಬರೆದ ಅರ್ಜಿಗೂ ಈ ಜಗಲಿಯ ಮಾತಿಗೂ ಇರುವ ಅಂತರ ಇದೇ. ನಾನು ಅವಳ ಕಥೆಯನ್ನು ಇಸಿದುಕೊಂಡೆ, ನನ್ನದನ್ನು ಕೊಡಲಿಲ್ಲ. ಅವಳು ನನ್ನನ್ನು ‘ಹೆಂಗೆ ಅಕ್ಕೋರೆ’ ಎಂದು ಕೇಳಿದ್ದು ಕುತೂಹಲಕ್ಕಲ್ಲ, ನನಗೊಂದು ಅವಕಾಶ ಕೊಡಲು. ನಾನು ಅಕ್ಕೋರಾಗಿಯೇ ಉಳಿದೆ, ಅಕ್ಕನಾಗಲಿಲ್ಲ.

ಇನ್ನು ನಮ್ಮ ಓದುಗುಂಪಿನ ಮಾತು. ನಿವೃತ್ತಿಯಾದ ಮೇಲೆ ನಾವು ಕೆಲವರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಒಂದು ಪುಸ್ತಕ, ಒಂದು ಲೋಟ ಕಾಫಿ. ಬಹಳ ಕಾಲ ನಮ್ಮ ಚರ್ಚೆ ಶೈಲಿ, ವಸ್ತು, ಪಾತ್ರಪೋಷಣೆ ಎಂದು ಪರೀಕ್ಷೆಯ ಉತ್ತರದ ಹಾಗೆ ಸಾಗುತ್ತಿತ್ತು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದ ತಿಂಗಳು ಮೊದಲ ಬಾರಿಗೆ ಆ ಕ್ರಮ ತಪ್ಪಿತು. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ, ಕಾಸರಗೋಡಿನ ನೆಲದ ಕಾದಂಬರಿ ಅದು. ತಂದೆಯ ಹಟಕ್ಕೆ ಗಂಡನಿಂದ ಬೇರೆಯಾದ ನಾದಿರಾ, ಮತ್ತೆ ಅವನ ಬಳಿಗೆ ಹೋಗಬೇಕಾದರೆ ನಡುವೆ ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕಾದ ಕಟ್ಟಳೆಗೆ ಸಿಕ್ಕು ಸಾಯುತ್ತಾಳೆ. ಲೇಖಕಿ ‘ನಾನು’ ಎಂದು ಬರೆದಿಲ್ಲ. ಆದರೆ ತನ್ನ ಸುತ್ತಲಿನ ಹೆಂಗಸರ ಬದುಕನ್ನು ಒಳಗಿನಿಂದ ಕಂಡವಳಿಗೆ ಮಾತ್ರ ಸಾಧ್ಯವಾಗುವ ಬರಹ ಅದು.

ಅದನ್ನು ಓದಿದ ದಿನ ನಮ್ಮಲ್ಲೊಬ್ಬರು "ನನ್ನ ಗೆಳತಿಯೊಬ್ಬಳಿಗೆ ಹೀಗಾಗಿತ್ತು" ಎಂದು ಶುರುಮಾಡಿ ಅಪ್ಪನೂ ಗಂಡನೂ ಸೇರಿ ಒಬ್ಬಳ ಬದುಕನ್ನು ಹೇಗೆ ಚೌಕಾಶಿ ಮಾಡಿದರೆಂದು ಹೇಳಿದರು. ಆ ಗೆಳತಿ ಯಾರೆಂದು ನಮಗೆಲ್ಲ ಗೊತ್ತಾಯಿತು. ಯಾರೂ ‘ನೀವೇ ಅಲ್ಲವೇ’ ಎನ್ನಲಿಲ್ಲ. ಆವತ್ತು ನನಗೆ ಹೊಳೆದದ್ದು, ಕಾದಂಬರಿಯ ಒಂದು ದೊಡ್ಡ ಉಪಕಾರ ಇದು. ‘ನಾನು’ ಎನ್ನಲಾಗದವಳಿಗೆ ಅದು ‘ಅವಳು’ ಎಂಬ ಸೆರಗನ್ನು ಕೊಡುತ್ತದೆ. ವಿಮರ್ಶಕರು ಆತ್ಮಕಥೆ ಸತ್ಯ, ಕಥೆ ಕಲ್ಪನೆ ಎಂದು ಗೆರೆ ಎಳೆಯುತ್ತಾರೆ. ಹೆಂಗಸರು ಓದುವಾಗ ಆ ಗೆರೆಯನ್ನು ಅಷ್ಟು ಲೆಕ್ಕಿಸುವುದಿಲ್ಲ.

ವಿಜಯಾ ಅವರ ‘ಕುದಿ ಎಸರು’ ಓದಿದ್ದು ಅದಕ್ಕೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ. ಪತ್ರಿಕೆ, ಬೀದಿನಾಟಕ, ಸಿನಿಮಾ ಬರಹಗಳಲ್ಲಿ ಹೆಸರು ಮಾಡಿದ ಹೆಂಗಸು, ಮನೆಯೊಳಗೆ ಉಂಡ ಏಟು ಅವಮಾನಗಳನ್ನು ಮುಚ್ಚುಮರೆಯಿಲ್ಲದೆ ಬರೆದ ಆತ್ಮಕಥೆ ಅದು. ಹೆಸರೇ ನೋಡಿ. ಎಸರು ಎಂದರೆ ಅನ್ನಕ್ಕೆಂದು ಒಲೆಯ ಮೇಲಿಟ್ಟ ನೀರು. ಅದು ಕುದಿಯುತ್ತಿರುವುದು ಗೊತ್ತಾಗುವುದು ಒಲೆಯ ಮುಂದೆ ನಿಂತವಳಿಗೆ. ಈ ಪುಸ್ತಕದಲ್ಲಿ ನನಗೆ ಮುಖ್ಯವಾಗಿ ಕಂಡ ಗುಣ, ಅದು ಓದುವವರ ಕನಿಕರ ಬೇಡುವುದಿಲ್ಲ. ಕನಿಕರ ಬೇಡುವ ಬರಹ ಓದುಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತದೆ, ‘ಅಯ್ಯೋ ಪಾಪ’ ಎನ್ನಿಸಿ ಕಳಿಸುತ್ತದೆ. ಈ ಪುಸ್ತಕ ಓದುಗಳ ಸೀರೆಯ ಚುಂಗು ಹಿಡಿದು, ‘ನಿನ್ನದೇನು?’ ಎನ್ನುತ್ತದೆ. ಹಿತ್ತಿಲಲ್ಲಿ ಅವಳು ನನ್ನನ್ನು ಕೇಳಿದ ಪ್ರಶ್ನೆಯೇ ಅದು.

ಆವತ್ತು ಚರ್ಚೆಯಲ್ಲಿ ಒಬ್ಬರು "ಇಂಥದ್ದೆಲ್ಲ ಬರೀಬಾರದಪ್ಪ, ಮನೆ ಮರ್ಯಾದೆ" ಎಂದರು. ಇನ್ನೊಬ್ಬರು "ಕೆಳಗಿನವರಲ್ಲಿ ಇದೆಲ್ಲ ಇರುತ್ತೆ ಅಂದ್ಕೊಂಡಿದ್ದೆ" ಎಂದರು. ಆಗ ನಾನು ಮಾತಾಡಿದೆ. ಪಾಸ್‌ಬುಕ್ಕಿನ ಬಗ್ಗೆ, ಗೋಡೆಗೆ ಬಡಿದ ತಟ್ಟೆಯ ಬಗ್ಗೆ, ಕಿಟಕಿಯ ದಂಡೆಯ ಮೇಲೆ ಕಲ್ಲಿನಡಿ ಉಳಿದ ಅರ್ಜಿಯ ಬಗ್ಗೆ. ಮುಗಿಸಿದಾಗ ಕಾಫಿ ಆರಿಹೋಗಿತ್ತು. ಮನೆಯೊಡತಿ ಎದ್ದು ಹೋಗಿ ಮತ್ತೆ ಬಿಸಿ ಮಾಡಿಕೊಂಡು ಬಂದರು. ಲೋಟ ಕೊಡುತ್ತಾ, ತಮ್ಮ ಮಗಳು ಆರು ತಿಂಗಳಿಂದ ಗಂಡನ ಮನೆಯಲ್ಲಿ ಏನು ಅನುಭವಿಸುತ್ತಿದ್ದಾಳೆಂದು ಹೇಳಿದರು. ಅಷ್ಟು ದಿನ ನಮಗೆಲ್ಲ ‘ಮಗಳು ಬೆಂಗಳೂರಲ್ಲಿ ಚೆನ್ನಾಗಿದ್ದಾಳೆ’ ಎಂದೇ ಹೇಳುತ್ತಿದ್ದವರು ಅವರು.

ಇಲ್ಲಿಗೆ ನಿಲ್ಲಿಸಿದ್ದರೆ ಅದೂ ಒಂದು ಅಳುವ ಕಾರ್ಯಕ್ರಮವಾಗುತ್ತಿತ್ತು. ಈಗ ಟಿ.ವಿ. ಪರದೆಯ ಮೇಲೆ ಗಂಡ ಹೆಂಡಿರ ಜಗಳ ಬಿಡಿಸುವ ಕಾರ್ಯಕ್ರಮಗಳನ್ನು ನಾವು ಕಂಡಿದ್ದೇವಲ್ಲ. ಅಲ್ಲೂ ಹೆಂಗಸರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ, ಕಣ್ಣೀರು ಹಾಕುತ್ತಾರೆ. ಅದೂ ಒಂದು ತುಂಬಿದ ಸಭೆಯೇ. ನೋಡುವವರು ಕೇಳುವುದಷ್ಟೆ, ಕೊಡುವುದು ಏನೂ ಇಲ್ಲ. ನಮ್ಮ ಗುಂಪಿನಲ್ಲಿ ಆದದ್ದು ಇಷ್ಟು: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯನ್ನು ಒಬ್ಬರು ಓದಿಕೊಂಡು ಬಂದರು. ಏಟು ಮಾತ್ರವಲ್ಲ, ಬೈಗುಳ, ಹೆದರಿಕೆ, ಖರ್ಚಿಗೆ ದುಡ್ಡು ಕೊಡದಿರುವುದು, ದುಡಿದದ್ದನ್ನು ಕಸಿದುಕೊಳ್ಳುವುದು ಕೂಡ ಹಿಂಸೆಯೇ ಎಂದು ಅದರಲ್ಲಿದೆ. ಅದನ್ನು ಗಟ್ಟಿಯಾಗಿ ಓದಿದಾಗ ನಾನು ತಲೆ ತಗ್ಗಿಸಿದೆ. ನನ್ನ ಇಡೀ ದಾಂಪತ್ಯಕ್ಕೆ ಆ ಕಲಮಿನಲ್ಲಿ ಹೆಸರಿತ್ತು. ‘ಅವರಿಗೆ ಸ್ವಲ್ಪ ಸಿಟ್ಟು ಜಾಸ್ತಿ’ ಎಂದು ಲಕ್ಷಾಂತರ ಮನೆಗಳಲ್ಲಿ ಮುಚ್ಚಿಟ್ಟದ್ದನ್ನು ಯಾರೋ ಹೆಂಗಸರು ಎಲ್ಲೆಲ್ಲೋ ಬಾಯಿಬಿಟ್ಟು ಹೇಳಿದ್ದರಿಂದ ತಾನೇ ಆ ಸಾಲುಗಳು ಕಾನೂನಿನ ಪುಸ್ತಕಕ್ಕೆ ಬಂದದ್ದು?

ಮಗಳು ಊರಿಗೆ ಬಂದಳು. ಸಂರಕ್ಷಣಾಧಿಕಾರಿಯ ಕಚೇರಿಗೆ, ವಕೀಲರ ಬಳಿಗೆ, ಆಮೇಲೆ ನ್ಯಾಯಾಲಯಕ್ಕೆ ಅವಳು ಹೋದಾಗಲೆಲ್ಲ ನಮ್ಮಲ್ಲಿ ಇಬ್ಬರು ಸರದಿಯ ಮೇಲೆ ಜೊತೆಗೆ ಹೋದೆವು. ನಾವು ಅಲ್ಲಿ ಏನೂ ಮಾಡಲಿಲ್ಲ. ಬೆಂಚಿನ ಮೇಲೆ ಕೂತೆವು. ಆದರೆ ಅವಳು ಒಳಗೆ ನಿಂತು ಅಪರಿಚಿತರ ಪ್ರಶ್ನೆಗಳಿಗೆ ಉತ್ತರ ಕೊಡುವಾಗ ಒಮ್ಮೆ ಹಿಂತಿರುಗಿ ಬಾಗಿಲ ಕಡೆ ನೋಡಿದಳು, ನಾವು ಕಂಡೆವು. ಹೆಣ್ಣು ನ್ಯಾಯ ಕೇಳಬೇಕಾದರೆ ಇಂದಿಗೂ ಆ ತುಂಬಿದ ಸಭೆಯಲ್ಲಿ ನಿಲ್ಲಲೇಬೇಕು, ಅದು ತಪ್ಪಿದ್ದಲ್ಲ. ಮೊದಲು ಗೆಳತಿಗೆ ಹೇಳಿಕೊಂಡವಳು, ಆ ಗೆಳತಿ ಬಾಗಿಲಲ್ಲಿ ಇದ್ದಾಳೆಂದು ತಿಳಿದವಳು ಅಲ್ಲಿ ನಿಲ್ಲುವ ರೀತಿ ಬೇರೆ. ಹೋರಾಟ ಎಂಬ ದೊಡ್ಡ ಮಾತಿಗೆ ನಾನು ಕಂಡ ಅರ್ಥ ಇಷ್ಟು ಸಣ್ಣದು.

ಇಷ್ಟಾದರೂ ಒಂದು ಎಚ್ಚರ ಬೇಕು. ನಾವು ಹತ್ತು ಜನ ಪೆನ್ಷನ್ನೋ ಮನೆಬಾಡಿಗೆಯೋ ಇರುವವರು. ನನ್ನ ಕಥೆ ಹೇಳಿಕೊಂಡದ್ದಕ್ಕೆ ನನಗಾದ ನಷ್ಟ ಸ್ವಲ್ಪ ಮುಜುಗರ ಮಾತ್ರ. ಅವಳು ಹೇಳಿಕೊಂಡಿದ್ದರೆ ಆ ರಾತ್ರಿಯ ಊಟವೇ ಹೋಗುತ್ತಿತ್ತು, ತಲೆಯ ಮೇಲಿನ ಸೂರೂ ಹೋಗಬಹುದಿತ್ತು. ಜಾತಿಯ, ದುಡ್ಡಿನ ಮೆಟ್ಟಿಲು ನಾನು ನನ್ನ ಕಥೆ ಹೇಳಿದ ಮಾತ್ರಕ್ಕೆ ಕರಗುವುದಿಲ್ಲ. ‘ನಾವೆಲ್ಲ ಹೆಂಗಸರು, ನಮ್ಮೆಲ್ಲರ ಕಷ್ಟ ಒಂದೇ’ ಎನ್ನುವುದು ಕೇಳಲು ಚೆನ್ನ, ಆದರೆ ಎಷ್ಟೋ ಸಲ ಅದು ಅವಳ ಕಷ್ಟವನ್ನು ನನ್ನದರ ಅಳತೆಗೆ ಕತ್ತರಿಸುವ ಕತ್ತರಿ. ಹನ್ನೆರಡನೆಯ ಶತಮಾನವನ್ನೇ ನೋಡಿ. 30ಕ್ಕೂ ಹೆಚ್ಚು ವಚನಕಾರ್ತಿಯರು ಇದ್ದರು. ಅಕ್ಕನ ನೂರಾರು ವಚನಗಳು ಉಳಿದವು. ಸೂಳೆ ಸಂಕವ್ವೆಯದು ಉಳಿದದ್ದು ಒಂದೇ ಒಂದು. ಅವಳು ಹೇಳಿದ್ದೇ ಅಷ್ಟೋ, ಕೇಳಿಸಿಕೊಂಡವರು ಉಳಿಸಿದ್ದೇ ಅಷ್ಟೋ? ಯಾರ ಕಥೆ ಕೇಳಲು ನಮಗೆ ಪುರುಸೊತ್ತಿದೆ, ಯಾರ ಕಥೆ ಕೇಳಿದರೆ ನಮ್ಮ ಮುಖ ಬದಲಾಗುತ್ತದೆ ಎಂಬುದನ್ನು ನಾವು ಆಗಾಗ ಕೇಳಿಕೊಳ್ಳುತ್ತಿರಬೇಕು.

ಉಡುತಡಿಯ ನೆರಳಿನಲ್ಲಿ ಆ ಪ್ರಶ್ನೆ ಬಂದಾಗ ನಾನು ಹರಿಹರ, ಚಾಮರಸ ಎಂದು ಪಾಠ ಶುರುಮಾಡಬಹುದಿತ್ತು. ಮಾಡಲಿಲ್ಲ. ನಮ್ಮ ಜೊತೆ ಬಂದಿದ್ದ ಆ ಮಗಳು ಮೊಸರನ್ನ ಕಲಸುತ್ತಾ ಹೇಳಿದಳು: "ಮದುವೆ ಆಗಿತ್ತೋ ಇಲ್ವೋ ಬಿಡಿ ಅಜ್ಜಿ. ಮನೆ ಬಿಟ್ಟು ಬಂದ ದಿನ ರಾತ್ರಿ ಎಲ್ಲಿ ಮಲಗಿದ್ದಳೋ, ಯಾರು ಊಟ ಕೊಟ್ಟರೋ. ನನಗೆ ಅದು ಯೋಚನೆ."

ಯಾರೂ ಮಾತಾಡಲಿಲ್ಲ. ಇಷ್ಟು ವರ್ಷ ಅಕ್ಕನ ಮೇಲೆ ನಾನು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಕಂಡ ನೆನಪು ನನಗಿಲ್ಲ. ವಿಮರ್ಶೆ ಎಂದರೆ ಇದೂ ಹೌದಲ್ಲವೇ? ಅಕ್ಕ ಕರೆದು ಹೇಳಿದ ಆ ಹೆಸ್ರಿಲ್ಲದ ಹೆಂಗಸು ಅವಳ ಮಾತು ಕೇಳಿ ಸುಮ್ಮನೆ ಎದ್ದುಹೋಗಿರಲಾರಳು. ಒಂದು ಹಿಡಿ ಅನ್ನ ಕೊಟ್ಟಿರಬೇಕು, ಚಾಪೆಯ ಒಂದು ಬದಿ ಬಿಟ್ಟಿರಬೇಕು, ಆ ರಾತ್ರಿ ತನ್ನದನ್ನೂ ಹೇಳಿಕೊಂಡಿರಬೇಕು.

ಸೊರಬದ ಆ ಊರಿಗೆ ಒಮ್ಮೆ ಹೋಗಿಬರಬೇಕೆಂದಿದ್ದೇನೆ. ಅವಳು ಇದ್ದರೆ ಈಗ ನನ್ನ ಹಾಗೆಯೇ ಮುದುಕಿ. ಸಿಕ್ಕರೆ ಅರ್ಜಿಯ ಮಾತು ಎತ್ತುವುದಿಲ್ಲ. ಅವಳು ಅಂದು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಆಮೇಲೆ, ಅವಳಿಗೆ ಇಷ್ಟವಿದ್ದರೆ, ಚಂದ್ರಗುತ್ತಿಯ ದಾರಿಯ ಬಗ್ಗೆ ‘ಆಮೇಲೆ?’ ಎಂದು ಕೇಳಬೇಕು.